ಹಲಸೂರು ಬಾಗಿಲಿನ ಕಂಬ

ಬೆಂಗಳೂರಿನ ನೃಪತುಂಗ ರಸ್ತೆಗೆ ಹಿಂದೆ ಸೆನೋಟಾಫ್ ರಸ್ತೆಯೆಂಬ ಹೆಸರಿತ್ತೆಂದು ಬಲ್ಲವರು ಈಗ ವಿರಳ. ಸೆನೋಟಾಫ್ ಎಂದರೆ ಗ್ರೀಕ್ ಮೂಲದಲ್ಲಿ ಬರಿದಾದ ಗೋರಿ. ದೇಹ ಬೇರೆಲ್ಲೋ ಮಣ್ಣಾಗಿರಲು, ಹೆಸರಿಗಾಗಿ ನಿಲ್ಲಿಸಿದ ಕಲ್ಲು. ಅಂಥದೊಂದು ಕಂಬ, ಸುಮಾರು 35 ಅಡಿ ಎತ್ತರದ್ದು, ಹಡ್ಸನ್ ವೃತ್ತದ ಬಳಿ ಕಾರ್ಪೊರೇಷನ್ ಕಟ್ಟಡದ ಎದುರಿಗೆ ಇತ್ತು. 1964ರ ಅಕ್ಟೋಬರಿನಲ್ಲಿ ಕನ್ನಡ ಚಳವಳಿಗಾರರ ಒತ್ತಾಯದ ಮೇರೆಗೆ ನಗರಸಭೆ ಅದನ್ನು ಕೆಡವಿಸಿತು.

ಕಂಬ ನಿಂತಿದ್ದ ನೆಲ ಸಾಮಾನ್ಯವಾದುದಲ್ಲ. ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಗೆ ಲಗ್ಗೆಯಿಟ್ಟದ್ದು ಹಲಸೂರು ಬಾಗಿಲಿನ ಕಡೆಯಿಂದ. ಬಾಗಿಲು ಅಳಿದರೂ ಹತ್ತಿರದ ಪೊಲೀಸ್ ಠಾಣೆ ಅದರ ಹೆಸರನ್ನು ಇಂದಿಗೂ ಹೊತ್ತಿದೆ. ಆ ಬಾಗಿಲ ಬಳಿಯೇ ಮದರಾಸು ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತ. ಪೇಟೆಯನ್ನು ಮರಳಿ ಪಡೆಯಲು ಟೀಪು ಕಳುಹಿದ ಪಡೆ ಬೀದಿಬೀದಿಗಳಲ್ಲಿ ಕಾದಿತು. ಅಂದು ಮೈಸೂರಿನ ಕಡೆ ಸತ್ತವರೂ ಗಾಯಗೊಂಡವರೂ ಸೇರಿ 2,000ಕ್ಕೂ ಹೆಚ್ಚು, ಕಂಪನಿಯ ಕಡೆ 130ರಷ್ಟು ಎಂಬುದು ಇಂಗ್ಲಿಷರೇ ಬರೆದಿಟ್ಟ ಲೆಕ್ಕ. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. ಮುತ್ತಿದವರಲ್ಲಿ ಬಹುಮಂದಿ ಈ ದೇಶದ ಸಿಪಾಯಿಗಳೇ ಆಗಿದ್ದರೆಂಬುದನ್ನೂ ಮರೆಯಬಾರದು.

ಕಂಬವಿದ್ದದ್ದು ಮುತ್ತಿದವರ ನೆನಪಿಗೆ. ಅದನ್ನು ಎತ್ತಿಸಿದ್ದು ಲಂಡನ್ನಲ್ಲ, ಮೈಸೂರು ಸರ್ಕಾರವೇ ಎಂಬುದು ವಿಚಿತ್ರವಾಗಿ ಕಾಣಬಹುದು. 1799ರ ಮುತ್ತಿಗೆಯಲ್ಲಿ ಬಿದ್ದ ಬ್ರಿಟಿಷ್ ಪಡೆಯವರಿಗಾಗಿ ಶ್ರೀರಂಗಪಟ್ಟಣದಲ್ಲಿ 1907ರಲ್ಲಿ ಸ್ತಂಭ ನಿಲ್ಲಿಸಿದ್ದೂ ಅದೇ ಸರ್ಕಾರ. ಅದು ಇನ್ನೂ ನಿಂತಿದೆ. ಬೆಂಗಳೂರಿನದು ಮಾತ್ರ ಉರುಳಿತು. ಜನರು ಆರಿಸಿದ ಸಭೆಯ ಎದುರಿಗೇ, ಊರನ್ನು ಗೆದ್ದವರ ಕಲ್ಲು ತಲೆಯೆತ್ತಿ ನಿಂತಿದ್ದರೆ ಕೆರಳುವುದು ಸಹಜ. 1964ರ ಆ ಸಿಟ್ಟನ್ನು ನಾನು ಹಳಿಯಲಾರೆ. ಆದರೆ ಕೆಡಹಿದ್ದರಿಂದ ಯಾರಿಗೆ ಏನಾಯಿತು? ಮೂರ್‌ಹೌಸನಿಗೆ ನಷ್ಟವೇನೂ ಆಗಲಿಲ್ಲ. ಮದರಾಸಿನ ಕೋಟೆಯೊಳಗಣ ಸೇಂಟ್ ಮೇರಿ ಇಗರ್ಜಿಯಲ್ಲಿ ಅವನ ಸ್ಮಾರಕವಿದೆ; ಅವನ ಸಾವನ್ನು ರಾಬರ್ಟ್ ಹೋಮ್ ದೊಡ್ಡ ಚಿತ್ರವಾಗಿ ಬರೆದಿದ್ದಾನೆ. ಬಹಾದೂರ್ ಖಾನನಿಗೆ, ಪೇಟೆಯ ಬೀದಿಗಳಲ್ಲಿ ಬಿದ್ದ ಹೆಸರಿಲ್ಲದವರಿಗೆ, ಕಂಬ ಹೋದದ್ದರಿಂದ ಒಂದು ಸಾಲೂ ದಕ್ಕಲಿಲ್ಲ. ಸಮೀಪದಲ್ಲಿ ಕೆಂಪೇಗೌಡರ ಪ್ರತಿಮೆಯಿದೆ. ಊರು ಕಟ್ಟಿದವರಿಗೆ ಅದು ಸಲ್ಲತಕ್ಕದ್ದೇ. ಊರು ಕಾಯುತ್ತ ಸತ್ತವರ ಲೆಕ್ಕ ಬೇರೆ.

ಸತ್ತವರಿಗೆ ಕಲ್ಲು ನಿಲ್ಲಿಸುವುದನ್ನು ನಾವು ಇಂಗ್ಲಿಷರಿಂದ ಕಲಿಯಬೇಕಾಗಿರಲಿಲ್ಲ. ಬೆಂಗಳೂರೆಂಬ ಹೆಸರು ನಮಗೆ ಮೊದಲು ಸಿಗುವುದೇ ಯುದ್ಧದ ಒಂದು ಕಲ್ಲಿನಲ್ಲಿ. ಸುಮಾರು 890ರ ಬೇಗೂರಿನ ವೀರಗಲ್ಲು ಅದು. ಬೆಂಗಳೂರ ಕಾಳೆಗದಲ್ಲಿ ಬುಟ್ಟಣಸೆಟ್ಟಿಯೆಂಬವನು ಸತ್ತನೆಂದು ಹೇಳುತ್ತದೆ, ಅಷ್ಟೆ. ಅವನ ಎದುರಾಳಿ ಯಾರು, ಗೆದ್ದವರು ಯಾರು, ಕಲ್ಲು ಮಾತಾಡುವುದಿಲ್ಲ. ಬೇಗೂರಿನದೇ ಇನ್ನೊಂದು ಕಲ್ಲು, ನಾಗತ್ತರನ ಸಾವನ್ನೂ ಗಂಗರಾಜ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟದ್ದನ್ನೂ ಹೇಳುವಂಥದು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿನ ಆ ಕಟ್ಟಡ ಹಡ್ಸನ್ ವೃತ್ತದಿಂದ ನಡೆದು ಹೋಗುವಷ್ಟು ಹತ್ತಿರ. ಗಂಗರೂ ನಮ್ಮನ್ನು ಆಳಿದವರೇ. ಅವರ ಕಲ್ಲನ್ನು ನೆರಳಿಗೆ ಒಯ್ದಿಟ್ಟವರಿಗೆ ಕಂಪನಿಯ ಕಲ್ಲನ್ನು ಒಯ್ದಿಡುವುದು ಅಸಾಧ್ಯವಾಗಿರಲಿಲ್ಲ. ಗಾಡಿಯ ಖರ್ಚು ಎಷ್ಟಾಗುತ್ತಿತ್ತು?

ಕೋಟೆಯ ಉಳಿದ ಗೋಡೆಯ ಮೇಲೆ ಅಮೃತಶಿಲೆಯ ಒಂದು ಫಲಕ ಇನ್ನೂ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಒಳನುಗ್ಗಿದ್ದು ಇಲ್ಲಿನ ಬಿರುಕಿನಿಂದ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ಅದನ್ನು ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಪಕ್ಕದಲ್ಲಿ ಕನ್ನಡದ ಒಂದು ಕಲ್ಲು ಬರಲಿ. ಬೇಗೂರಿನವರು ಬರೆದಷ್ಟೇ ಮಾತು ಸಾಕು: ಯಾವ ಕಾಳಗ, ಯಾರು ಸತ್ತರು. ಬಹಾದೂರ್ ಖಾನನ ಹೆಸರು ಮೊದಲ ಸಾಲಿನಲ್ಲಿರಲಿ.