ಗ್ಯಾರೇಜಿಗೆ ಬಿಟ್ಟ ಗಾಡಿ

ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಸಾಗಿಸುವ ಒಬ್ಬಾತನನ್ನು ಮನಸ್ಸಿಗೆ ತಂದುಕೊಳ್ಳಿ. ಸಾಲ ಮಾಡಿ ಕೊಂಡ ಸಣ್ಣ ಸರಕು ಗಾಡಿ. ಅದರ ಬಾಡಿಗೆಯಿಂದಲೇ ಮನೆ ನಡೆಯಬೇಕು, ಕಂತೂ ಕಟ್ಟಬೇಕು. ಒಂದು ಸಂಜೆ ಕ್ಲಚ್ಚು ಕೈಕೊಟ್ಟಿತು. ಪರಿಚಯದ ಗ್ಯಾರೇಜಿಗೆ ತಂದು, ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟು, ‘ನಾಳೆ ಹೊತ್ತಿಗೆ ಮಾಡಿಕೊಡಣ್ಣ’ ಎಂದು ಹೇಳಿ ಬಸ್ಸು ಹತ್ತಿದ. ಮರುದಿನ ಬಂದು ನೋಡುತ್ತಾನೆ: ಕ್ಲಚ್ಚೇನೋ ಸರಿಯಾಗಿದೆ, ಆದರೆ ಮುಂದಿನ ಗಾಜು ಒಡೆದಿದೆ, ಮೂತಿ ನುಗ್ಗಾಗಿದೆ. ಕೇಳಿದರೆ, ‘ನಮ್ಮ ಹುಡುಗ ಟ್ರಯಲ್ ನೋಡೋಕೆ ತಗೊಂಡು ಹೋಗಿದ್ದ, ಎಮ್ಮೆ ಅಡ್ಡ ಬಂತು. ನಾನೇನಪ್ಪ ಮಾಡ್ಲಿ?’ ಎಂಬ ಉತ್ತರ. ಜೊತೆಗೆ ಗೋಡೆಯ ಮೇಲಿನ ಬೋರ್ಡಿನ ಕಡೆಗೆ ಬೆರಳು: ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು.’

ಇದು ಕಲ್ಪಿಸಿಕೊಂಡ ಸಂಗತಿ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ರಸ್ತೆ ಬದಿಯನ್ನು ಬಲ್ಲವರಿಗೆ ಇದರಲ್ಲಿ ಅಪರೂಪವೇನೂ ಕಾಣದು. ಪ್ರಶ್ನೆ ಇಷ್ಟೆ: ಒಡೆದ ಗಾಜಿನ ಹಣ ಯಾರು ಕೊಡಬೇಕು?

ಒಬ್ಬನ ವಸ್ತುವನ್ನು ಒಂದು ಕೆಲಸಕ್ಕಾಗಿ ಇನ್ನೊಬ್ಬನ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ವ್ಯವಹಾರ ಮನುಷ್ಯನಷ್ಟೇ ಹಳೆಯದು. ಇಂಗ್ಲಿಷ್ ಬಲ್ಲ ವಕೀಲರು ಇದನ್ನು ಬೇಲ್‌ಮೆಂಟ್ ಎನ್ನುತ್ತಾರೆ. ನಮ್ಮ ಹಿಂದಿನವರು ನಿಕ್ಷೇಪ, ಉಪನಿಧಿ ಎಂಬ ಹೆಸರುಗಳನ್ನು ಬಳಸಿದ್ದರು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿಗೆಂದೇ ಒಂದು ಪ್ರಕರಣವಿದೆ. ಆ ಸ್ಮೃತಿಗೆ ಮಿತಾಕ್ಷರ ಎಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಅಲ್ಲಿನ ನಿಯಮ ಹೀಗೆ: ಇಟ್ಟ ವಸ್ತು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ಕೊಡಬೇಕಾಗಿಲ್ಲ. ಆದರೆ ಕೇಳಿದಾಗ ಕೊಡದೆ, ಆಮೇಲೆ ಅದು ಹಾಳಾದರೆ ಬೆಲೆಯನ್ನೂ ತೆರಬೇಕು, ದಂಡವನ್ನೂ ತೆರಬೇಕು. ತನ್ನ ಇಷ್ಟದಂತೆ ಅದನ್ನು ಬಳಸಿಕೊಂಡವನೂ ದಂಡಕ್ಕೆ ಗುರಿ.

ಇಂದು ನಮಗೆ ಅನ್ವಯಿಸುವುದು 1872ರ ಭಾರತೀಯ ಕರಾರು ಕಾಯಿದೆ. ಅದರ 151ನೆಯ ಕಲಮು ಹೇಳುವುದು ಸರಳವಾದ ಮಾತು: ಸಾಮಾನ್ಯ ವಿವೇಕವುಳ್ಳ ಮನುಷ್ಯನೊಬ್ಬನು ಅಂಥದೇ ಸಂದರ್ಭದಲ್ಲಿ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ, ಅಷ್ಟು ಜೋಪಾನವನ್ನು ವಶಕ್ಕೆ ತೆಗೆದುಕೊಂಡವನು ಮಾಡತಕ್ಕದ್ದು. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಅಷ್ಟು ಜೋಪಾನ ಮಾಡಿಯೂ ನಷ್ಟವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲವೆಂದು 152ನೆಯ ಕಲಮು ಹೇಳುತ್ತದೆ. ಗಾಡಿಯನ್ನು ಕಾಂಪೌಂಡಿನೊಳಗೆ ಭದ್ರವಾಗಿ ನಿಲ್ಲಿಸಿದ್ದಾಗ ಸಿಡಿಲು ಬಡಿದರೆ ಮೇಸ್ತ್ರಿಯನ್ನು ದೂರುವಂತಿಲ್ಲ. ಬೀಗದ ಕೈಯನ್ನು ಗಾಡಿಯಲ್ಲೇ ಬಿಟ್ಟು ರಾತ್ರಿ ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸಿದ್ದರೆ ಮಾತು ಬೇರೆ. ಒಪ್ಪಿದ ಕೆಲಸಕ್ಕಲ್ಲದೆ ಬೇರೆ ಕೆಲಸಕ್ಕೆ ಗಾಡಿಯನ್ನು ಬಳಸಿದರೆ 154ನೆಯ ಕಲಮು ಇನ್ನೂ ಬಿಗಿ: ಆಗ ಆದ ಯಾವ ನಷ್ಟಕ್ಕೂ ಬಳಸಿದವನೇ ಹೊಣೆ.

ನಮ್ಮ ಮದ್ದೂರಿನ ಹುಡುಗ ನಿಜವಾಗಿ ಟ್ರಯಲ್ ನೋಡಲು ಹೋಗಿದ್ದನೆ, ಟೀ ತರಲು ಹೋಗಿದ್ದನೆ? ಟ್ರಯಲ್ಲೇ ಆದರೂ ಅವನಿಗೆ ಲೈಸೆನ್ಸ್ ಇತ್ತೆ? ಇದನ್ನು ಕಣ್ಣಾರೆ ಕಾಣದ ಗಾಡಿಯ ಯಜಮಾನ ಹೇಗೆ ತೋರಿಸಿಯಾನು? ಕಾನೂನು ಅವನ ಕೈಹಿಡಿಯುವುದು ಇಲ್ಲಿಯೇ. ಸರಿಯಾಗಿದ್ದ ಗಾಡಿಯನ್ನು ಒಪ್ಪಿಸಿದೆ, ಜಖಂ ಆಗಿ ಬಂತು ಎಂದು ಅವನು ತೋರಿಸಿದರೆ ಸಾಕು; ತಾನು ಜೋಪಾನ ಮಾಡಿದ್ದೆನೆಂದು ತೋರಿಸುವ ಭಾರ ವಶದಲ್ಲಿಟ್ಟುಕೊಂಡಿದ್ದವನ ಮೇಲೆ ಬೀಳುತ್ತದೆ. ಕೆಲಸದ ಹುಡುಗ ಕೆಲಸದ ಸಂದರ್ಭದಲ್ಲಿ ಮಾಡಿದ್ದಕ್ಕೆ ಸಾಮಾನ್ಯವಾಗಿ ಗ್ಯಾರೇಜಿನ ಯಜಮಾನನೇ ಉತ್ತರ ಹೇಳಬೇಕು.

ಹಾಗಾದರೆ ಗೋಡೆಯ ಮೇಲಿನ ಬೋರ್ಡು? 1998ರಲ್ಲಿ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಯೊಬ್ಬರು ಕಾರಿನ ಬೀಗದ ಕೈಯನ್ನು ಹೋಟೆಲಿನ ನೌಕರನಿಗೆ ಕೊಟ್ಟು ಒಳಗೆ ಹೋದರು. ಬರುವಷ್ಟರಲ್ಲಿ ಕಾರು ಕಳವಾಗಿತ್ತು. ಅವರಿಗೆ ಕೊಟ್ಟ ಚೀಟಿಯಲ್ಲಿ, ಜವಾಬ್ದಾರಿ ಅತಿಥಿಯದೇ ಎಂದು ಅಚ್ಚು ಹಾಕಿತ್ತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2019ರಲ್ಲಿ ತೀರ್ಪಾಯಿತು. ತೀರ್ಪನ್ನು ಬರೆದವರು ಕನ್ನಡಿಗರಾದ ನ್ಯಾಯಮೂರ್ತಿ ಮೋಹನ ಎಂ. ಶಾಂತನಗೌಡರ್. ತನ್ನ ಮತ್ತು ತನ್ನ ನೌಕರರ ಅಲಕ್ಷ್ಯದಿಂದಾದ ನಷ್ಟದ ಹೊಣೆಯನ್ನು ಇಂಥ ಅಚ್ಚಿನ ಸಾಲಿನಿಂದ ಕಳಚಿಕೊಳ್ಳಲು ಹೋಟೆಲಿಗೆ ಬಾರದೆಂಬುದು ತೀರ್ಪಿನ ಸಾರ. ಅದು ಹೋಟೆಲಿನ ಸಂಗತಿಯೇನೋ ನಿಜ. ಆದರೆ ಗೋಡೆಯ ಬರಹವನ್ನು ನೋಡಿದ ಮಾತ್ರಕ್ಕೆ ಗ್ಯಾರೇಜಿನ ಗಿರಾಕಿಯೂ ಕೈಚೆಲ್ಲಿ ಹಿಂದಿರುಗಬೇಕಾಗಿಲ್ಲ.

ಮದ್ದೂರಿನಿಂದ ಮಂಡ್ಯಕ್ಕೆ ಬನ್ನಿ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಊರು ಇದು. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರು ಒಂದು ದಿನ ನಿಂತರೂ ನಷ್ಟ. ಶುಕ್ರವಾರ ಕೊಡುತ್ತೇನೆಂದ ಮೇಸ್ತ್ರಿ ಮುಂದಿನ ಬುಧವಾರವಾದರೂ ಕೊಡಲಿಲ್ಲ. ಅಷ್ಟರಲ್ಲಿ ಬ್ಯಾಟರಿ ಕಳವಾಯಿತು. ತನ್ನ ತಪ್ಪಿನಿಂದ ಹೇಳಿದ ಹೊತ್ತಿಗೆ ಹಿಂದಿರುಗಿಸದವನು, ಆ ಹೊತ್ತಿನಿಂದ ಮುಂದೆ ಆಗುವ ನಷ್ಟಕ್ಕೆ ಹೊಣೆಯೆಂದು 161ನೆಯ ಕಲಮು ಹೇಳುತ್ತದೆ. ಕಲ್ಯಾಣದ ಪಂಡಿತ ವ್ಯಾಖ್ಯಾನಿಸಿದ ನಿಯಮದ ನೆನಪಾಗುವುದಿಲ್ಲವೆ?

ಇನ್ನು ಮಳವಳ್ಳಿಯ ಮೇಸ್ತ್ರಿಯ ಮಾತನ್ನೂ ಕೇಳಬೇಕು. ಅವನೂ ಬೆವರು ಸುರಿಸಿ ದುಡಿಯುವವನೇ. ‘ಬ್ರೇಕು ಹಿಡಿಯುತ್ತಿಲ್ಲ’ ಎಂಬುದನ್ನು ಹೇಳದೆ, ಬರೀ ಆಯಿಲ್ ಬದಲಾಯಿಸಲು ಗಾಡಿ ಬಿಟ್ಟು ಹೋದವನಿಂದ ಅವನ ಕಾಲು ಮುರಿದರೆ? ತನಗೆ ಗೊತ್ತಿರುವ ದೋಷವನ್ನು ತಿಳಿಸುವುದು ಗಾಡಿಯವನ ಕರ್ತವ್ಯ. ತಿಳಿಸದಿದ್ದರೆ ಅವನೇ ಹೊಣೆ. 1872ರ ಕಾಯಿದೆ ಇದಕ್ಕೆ ಕೊಟ್ಟ ಉದಾಹರಣೆ ತುಂಟ ಕುದುರೆಯದು. ಕುದುರೆ ಹೋಗಿ ಮೋಟಾರು ಬಂದರೂ ನ್ಯಾಯ ಅದೇ. ಹಾಗೆಯೇ ಮಾಡಿದ ಕೆಲಸದ ಕೂಲಿ ಬರುವ ತನಕ ಆ ಗಾಡಿಯನ್ನು ತಡೆದಿಟ್ಟುಕೊಳ್ಳುವ ಹಕ್ಕು 170ನೆಯ ಕಲಮಿನಂತೆ ಮೇಸ್ತ್ರಿಗೆ ಉಂಟು. ಆ ಹಕ್ಕು ಈ ಗಾಡಿಯ ಈ ಕೆಲಸದ ಕೂಲಿಗೆ ಮಾತ್ರ, ಹಳೆಯ ಬಾಕಿಗೆ ಅಲ್ಲ.

ಗ್ಯಾರೇಜಿನವನ ಕೈಯಲ್ಲಿದ್ದಾಗ ಗಾಡಿ ಮೂರನೆಯವರಿಗೆ ಬಡಿದರೆ? ಗೋವಾದಿಂದ ಬಂದ ಇಂಥದೇ ಮೊಕದ್ದಮೆಯಲ್ಲಿ, ರಿಪೇರಿಗೆ ಬಿಟ್ಟಿದ್ದ ಕಾರಣದಿಂದ ವಿಮಾ ಕಂಪನಿ ಗಾಯಾಳುವಿಗೆ ಕೊಡಬೇಕಾದ ಪರಿಹಾರದಿಂದ ತಪ್ಪಿಸಿಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಮಾನಿಸಿತು. ಗಾಡಿ ಗ್ಯಾರೇಜಿನಲ್ಲಿದೆ ಎಂದು ವಿಮೆಯ ಅವಧಿ ಮುಗಿಯಲು ಬಿಡಬೇಡಿ.

ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಗಾಡಿ ಬಿಡುವಾಗ ಒಂದು ಚೀಟಿ ಬರೆಸಿಕೊಳ್ಳಿ: ತಾರೀಖು, ಮೀಟರಿನ ಅಂಕಿ, ಹಳೆಯ ಗೀರು ತಗ್ಗು, ಒಪ್ಪಿದ ಕೆಲಸ, ಕೊಡುವ ದಿನ. ಜೇಬಿನಲ್ಲಿರುವ ಫೋನಿನಿಂದ ನಾಲ್ಕು ದಿಕ್ಕಿನ ಚಿತ್ರ ತೆಗೆದಿಡಿ. ಹಿಂದಕ್ಕೆ ಪಡೆಯುವಾಗ ಸುತ್ತ ಒಮ್ಮೆ ನೋಡಿ, ಜಖಂ ಕಂಡರೆ ಅದನ್ನು ಬರೆದ ಮೇಲೆಯೇ ಸಹಿ ಹಾಕಿ. ಮಾತಿನಲ್ಲಿ ಮುಗಿದರೆ ಒಳ್ಳೆಯದೇ. ಮುಗಿಯದಿದ್ದರೆ ಮಂಡ್ಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಬೆಂಗಳೂರಿನಲ್ಲಿ ಗಾಡಿ ಬಿಟ್ಟ ಮಳವಳ್ಳಿಯವರೂ ತಮ್ಮ ವಾಸದ ಜಿಲ್ಲೆಯಾದ ಮಂಡ್ಯದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಇಟ್ಟುಕೊಂಡವನನ್ನು ವ್ಯಾಪಾರಿಯೆಂದು ಹೊರಗಿಡುವಂತಿಲ್ಲ. ಸಲಹೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಮದ್ದೂರಿನ ಎಳನೀರಿನವನ ಹತ್ತಿರ ಅಂಥ ಒಂದು ಚೀಟಿ ಇದ್ದಿದ್ದರೆ ಮಾತು ಎಮ್ಮೆಯ ತನಕ ಹೋಗುತ್ತಲೇ ಇರಲಿಲ್ಲ. ಚೀಟಿ ಕೇಳಿದರೆ ಮೇಸ್ತ್ರಿ ಬೇಸರಪಟ್ಟುಕೊಂಡಾನು ಎಂಬ ಸಂಕೋಚ ನಮ್ಮ ಕಡೆ ಹೆಚ್ಚು. ಆ ಸಂಕೋಚವನ್ನು ಬಿಡಬೇಕು. ಬರೆದಿಟ್ಟದ್ದು ಗಿರಾಕಿಯ ಗಾಡಿಯನ್ನು ಕಾಯುವಂತೆಯೇ, ಮಾಡದ ತಪ್ಪಿನ ಆರೋಪದಿಂದ ಮೇಸ್ತ್ರಿಯನ್ನೂ ಕಾಯುತ್ತದೆ.