ಬೆನ್ನು ಮುಚ್ಚದ ಮಗು: ತಪ್ಪು ಯಾರದು?

(ವಾಚನಾಲಯದ ಭಾನುವಾರದ ಸಭೆಯಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮೆಟ್ರಿಕ್‌ವರೆಗೆ ಓದಿ ಹಿಟ್ಟಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ದಾವಣಗೆರೆ ಕಡೆಯ ನಮ್ಮ ಊರಿನಲ್ಲಿ ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿತ್ತು. ಅವಳ ಚೊಚ್ಚಲ ಮಗುವಿಗೆ ಸೊಂಟದ ಮೇಲೆ, ಬೆನ್ನಿನ ನಡುವೆ, ನೀರು ತುಂಬಿದ ಗುಳ್ಳೆಯಂಥ ಒಂದು ಗಂಟು. ಕಾಲು ಆಡಿಸಲಿಲ್ಲ. ಹನ್ನೊಂದನೆಯ ದಿನ ತೀರಿಕೊಂಡಿತು. ಗ್ರಹಣದ ಹೊತ್ತಿನಲ್ಲಿ ಅವಳು ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಮಾತಾಯಿತು. ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ, ಆ ಮಾತು ಆಡಿದವರಲ್ಲಿ ನಾನೂ ಒಬ್ಬ. ಅಕ್ಕ ಆಗ ಏನೂ ಅನ್ನಲಿಲ್ಲ.

ಆಮೇಲೆ ಓದಿ, ಕೇಳಿ ತಿಳಿದುಕೊಂಡುದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಹೆಂಗಸರು ಕರ್ಜಿಕಾಯಿ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಲಟ್ಟಿಸಿದ ಹಾಳೆಯನ್ನು ಮಡಿಸಿ ಅಂಚಿಗೆ ಅಂಚು ಸೇರಿಸಿ ಒತ್ತುತ್ತಾರೆ. ಎಲ್ಲಿಯಾದರೂ ಅಂಚು ಕೂಡದಿದ್ದರೆ ಎಣ್ಣೆಗೆ ಬಿಟ್ಟಾಗ ಹೂರಣ ಹೊರಕ್ಕೆ ಬರುತ್ತದೆ. ಗರ್ಭದಲ್ಲಿ ಮಗುವಿನ ಮಿದುಳು ಮತ್ತು ಬೆನ್ನುಹುರಿ ಮೊದಲು ಇಂಥ ಒಂದು ಚಪ್ಪಟೆ ಹಾಳೆಯಾಗಿಯೇ ಇರುತ್ತವೆ. ಹಾಳೆ ಮಡಿಸಿಕೊಂಡು, ಅಂಚುಗಳು ಕೂಡಿ, ಕೊಳವೆಯಾಗುತ್ತದೆ. ಇದಕ್ಕೆ ನರಕೊಳವೆ ಎನ್ನುತ್ತಾರೆ. ಮೇಲ್ತುದಿ ಮುಚ್ಚದಿದ್ದರೆ ತಲೆಯೇ ಪೂರ್ತಿ ಬೆಳೆಯದು, ಅಂಥ ಮಗು ಬದುಕುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಬೆನ್ನುಹುರಿ ಹೊರಚಾಚುತ್ತದೆ. ಇದೇ ಸ್ಪೈನಾ ಬೈಫಿಡಾ, ನಮ್ಮ ಮಾತಿನಲ್ಲಿ ಸೀಳುಬೆನ್ನು.

ಇದೆಲ್ಲ ಮುಗಿಯುವುದು ಗರ್ಭ ನಿಂತ 28 ದಿನಗಳೊಳಗೆ. ಎಂದರೆ ಹೆಂಗಸಿಗೆ ಮುಟ್ಟು ನಿಂತು ಹದಿನೈದು ದಿನವಾಗುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. ಹಲವರಿಗೆ ತಾವು ಬಸುರಿ ಎಂಬುದೇ ಆಗ ಖಚಿತವಾಗಿರುವುದಿಲ್ಲ. ನನ್ನ ಅಕ್ಕ ಈಳಿಗೆಮಣೆ ಹಿಡಿದದ್ದು ಆರನೆಯ ತಿಂಗಳಿನಲ್ಲಿ.

ಈ ತೊಂದರೆ ನಮ್ಮ ದೇಶದಲ್ಲಿ ಅಪರೂಪದ್ದೆಂದು ತಿಳಿಯಬೇಡಿ. ಇದೇ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಐ. ಸಿ. ವರ್ಮ ಅವರು ಉತ್ತರ ಭಾರತದಲ್ಲಿ ಇದು ಬಹಳ ಹೆಚ್ಚೆಂದು 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ದಕ್ಷಿಣದಲ್ಲಿ ಅಷ್ಟಿಲ್ಲ ಎಂಬ ಭಾವನೆ ಇತ್ತು. 1987ರಲ್ಲಿ ದಾವಣಗೆರೆಯ ಜೆ. ಜೆ. ಎಂ. ಮೆಡಿಕಲ್ ಕಾಲೇಜಿನ ಡಾ. ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ತಮ್ಮಲ್ಲಿನ ಲೆಕ್ಕ ಕೊಟ್ಟರು: ಸಾವಿರ ಹೆರಿಗೆಗೆ 11.4. ನಮ್ಮ ಊರಿನ ಕಡೆಯ ಲೆಕ್ಕ! ಕಷ್ಟದ ಹೆರಿಗೆಗಳೇ ಆಸ್ಪತ್ರೆಗೆ ಬರುವುದರಿಂದ ಆಸ್ಪತ್ರೆಯ ಅಂಕಿ ಸ್ವಲ್ಪ ದೊಡ್ಡದಾಗಿರುವುದು ಸಹಜ. ಆದರೆ 2005ರಲ್ಲಿ ಉತ್ತರ ಪ್ರದೇಶದ ಬಲರಾಮಪುರ ಜಿಲ್ಲೆಯಲ್ಲಿ ಹಳ್ಳಿಹಳ್ಳಿ ತಿರುಗಿ ವಿಚಾರಿಸಿದವರಿಗೂ ಸಾವಿರಕ್ಕೆ ಆರೂವರೆಯಿಂದ ಎಂಟರಷ್ಟು ಸಿಕ್ಕಿತು.

ಇನ್ನು ಕಾರಣ. ವಂಶದಲ್ಲಿ ಏನೋ ಇದೆ ಎಂಬುದು ಬಹುಕಾಲದಿಂದ ತಿಳಿದದ್ದೇ. ಒಂದು ಮಗುವಿಗೆ ಹೀಗಾದ ತಾಯಿಗೆ ಮತ್ತೆ ಹಾಗೆಯೇ ಆಗುವ ಸಂಭವ ನೂರಕ್ಕೆ ಎರಡರಿಂದ ಐದರಷ್ಟು. ಬೇರೆಯವರಿಗಿಂತ ಇದು ಎಷ್ಟೋ ಪಾಲು ಹೆಚ್ಚು. ದಾವಣಗೆರೆಯವರು ರಕ್ತಸಂಬಂಧದ ಮದುವೆಗಳತ್ತಲೂ ಬೆರಳು ತೋರಿಸಿದರು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟಾಗ ಎರಡೂ ಕಡೆಯಿಂದ ಒಂದೇ ದೋಷದ ವಂಶವಾಹಿ ಮಗುವಿಗೆ ಬಂದು ಜೊತೆಗೂಡುವ ಅವಕಾಶ ಹೆಚ್ಚಾಗುತ್ತದೆ. ಹಾಗೆಂದು ಅಂಥ ಮದುವೆಯಾದವರ ಮಕ್ಕಳೆಲ್ಲ ಹೀಗೆ ಎಂದಲ್ಲ. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತವೆ. ಹೊರಗಿನ ಸಂಬಂಧ ಮಾಡಿದ ಮನೆಗಳಲ್ಲೂ ಸೀಳುಬೆನ್ನು ಕಂಡಿದೆ.

ಯಾವ ವಂಶವಾಹಿ ಎಂಬ ಹುಡುಕಾಟದ ಕಥೆ ಸ್ವಾರಸ್ಯವಾದದ್ದು. 1995ರಲ್ಲಿ ಹಾಲೆಂಡಿನವರು ಒಂದನ್ನು ತೋರಿಸಿದರು. ಅದರ ಹೆಸರು ಉದ್ದ, ಅಕ್ಷರಗಳಲ್ಲಿ ಎಂ.ಟಿ.ಎಚ್.ಎಫ್.ಆರ್. ಎನ್ನುತ್ತಾರೆ. ಸೊಪ್ಪು ಕಾಳುಗಳಲ್ಲಿರುವ ಫೋಲೇಟ್ ಎಂಬ ಜೀವಸತ್ವವನ್ನು ದೇಹದ ಉಪಯೋಗಕ್ಕೆ ತರುವ ಕೆಲಸ ಅದರದು. ಕೆಲವರಲ್ಲಿ ಅದು ನಿಧಾನವಾಗಿ ಕೆಲಸ ಮಾಡುತ್ತದೆ. ನಮ್ಮ ಆಫೀಸುಗಳಲ್ಲಿ ಕೆಲಸವೇ ಸಾಗದ ಗುಮಾಸ್ತನೊಬ್ಬ ಇರುತ್ತಾನಲ್ಲ, ಹಾಗೆ. ಸಾಮಗ್ರಿ ಧಾರಾಳವಾಗಿ ಬಂದರೆ ಅವನಿಂದಲೂ ಹೇಗೋ ಕೆಲಸ ನಡೆಯುತ್ತದೆ, ಕಡಮೆಯಾದರೆ ನಿಂತೇ ಹೋಗುತ್ತದೆ. ಆದರೆ ಇದೊಂದರಿಂದಲೇ ಎಲ್ಲವೂ ತಿಳಿಯಲಿಲ್ಲ. ಇಲಿಗಳಲ್ಲಿ ಇಂಥ ದೋಷ ತರುವ ವಂಶವಾಹಿಗಳು ಇನ್ನೂರಕ್ಕಿಂತ ಹೆಚ್ಚು ಸಿಕ್ಕಿವೆ. ಮನುಷ್ಯರಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೋ ಶಾಖೆಯ ಜೋಸೆಫ್ ಗ್ಲೀಸನ್ ಎಂಬುವರ ತಂಡ ಮಗು, ತಾಯಿ, ತಂದೆ ಮೂವರ ವಂಶವಾಹಿಗಳನ್ನೂ ಜೊತೆಯಲ್ಲಿಟ್ಟು ಓದತೊಡಗಿತು. 2024ರಲ್ಲಿ ಅವರು ಹೇಳಿದ್ದು: ಇಪ್ಪತ್ತೆರಡನೆಯ ವರ್ಣತಂತುವಿನ ಒಂದು ಚೂರು ಇಲ್ಲದ ಮಕ್ಕಳಿಗೆ ಸೀಳುಬೆನ್ನಾಗುವ ಸಂಭವ ಹತ್ತು ಹದಿನೈದು ಪಟ್ಟು ಹೆಚ್ಚು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 851 ಕುಟುಂಬಗಳ ಲೆಕ್ಕ ಬಂತು. ಐದರಲ್ಲೊಂದಕ್ಕಿಂತ ಹೆಚ್ಚು ಮಕ್ಕಳಲ್ಲಿ ತಾಯಿಯಲ್ಲೂ ಇಲ್ಲದ, ತಂದೆಯಲ್ಲೂ ಇಲ್ಲದ, ಹೊಸದಾಗಿ ಹುಟ್ಟಿದ ದೋಷಗಳು ಕಂಡವು. ಅವುಗಳಲ್ಲಿ ಒಂದು ಪಾಲು ಮಾತ್ರ ನಿಜವಾಗಿ ಈ ರೋಗಕ್ಕೆ ಕಾರಣವಾಗಿರಬೇಕೆಂದು ಅವರೇ ಅಂದಾಜು ಮಾಡಿದ್ದಾರೆ. ಅವು ಹರಡಿಕೊಂಡಿದ್ದದ್ದು 187 ವಂಶವಾಹಿಗಳಲ್ಲಿ. ಹೊಸ ದೋಷವೆಂದರೆ ನಕಲು ಬರೆಯುವಾಗ ಕೈತಪ್ಪಿ ಬಿದ್ದ ಒಂದು ಅಕ್ಷರವಿದ್ದಂತೆ. ಅದಕ್ಕೆ ಸೊಸೆಯ ತವರನ್ನು ಬೈಯುವುದು ಹೇಗೆ?

ಆದರೆ ಕಾರಣ ಪೂರ್ತಿ ತಿಳಿಯುವ ಮೊದಲೇ ತಡೆಯುವ ದಾರಿ ಸಿಕ್ಕಿತ್ತು. ಇದರಲ್ಲಿ ನಮ್ಮ ದೇಶದ ಪಾಲೂ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರ ರಕ್ತಹೀನತೆಯನ್ನು ಪರೀಕ್ಷಿಸಿದರು. ಹುದುಗಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ತೋರಿಸಿದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆನಿಸಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಹೆಸರು ಬಂದದ್ದು ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಬಗೆ ಕಂಡುಹಿಡಿದ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್.

ಗಿರಣಿಯ ಹೆಂಗಸರಿಂದ ಸೀಳುಬೆನ್ನಿಗೆ ಬರಲು ಅರವತ್ತು ವರ್ಷ ಹಿಡಿಯಿತು. ಏಳು ದೇಶಗಳಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು 1991ರಲ್ಲಿ ಫಲ ಕೊಟ್ಟಿತು. ಹಿಂದೆ ಇಂಥ ಮಗು ಹೆತ್ತವರು ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ ನೂರರಲ್ಲಿ 72 ಪಾಲು ಮರುಕಳಿಕೆ ತಪ್ಪಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ 1988ರಿಂದ ಇಂಥದೇ ಪರೀಕ್ಷೆ ನಡೆಸುತ್ತಿತ್ತು. ಆ ಫಲ ಬಂದ ಮೇಲೆ ಇನ್ನು ಕೆಲವರಿಗೆ ಬರಿಯ ಮಾತ್ರೆ ಕೊಡುವುದು ನ್ಯಾಯವಲ್ಲವೆಂದು ನಿಲ್ಲಿಸಿದರು. ಅಲ್ಲಿಯವರೆಗೆ ಸಿಕ್ಕ ಲೆಕ್ಕ: ಮಾತ್ರೆ ತಿಂದವರಲ್ಲಿ ನೂರಕ್ಕೆ 2.92, ತಿನ್ನದವರಲ್ಲಿ 7.04.

ಈಗ ನನ್ನ ಗಿರಣಿಯ ಮಾತು ಒಂದಿಷ್ಟು. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯ. ಸೀಳುಬೆನ್ನಿನಂಥ ದೋಷಗಳು ಅಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಳಿದಿವೆ. ನಮ್ಮಲ್ಲಿ ಅದು ಗಿರಣಿಯವರ ಇಷ್ಟ. ಬೆರೆಸಿದ ಚೀಲದ ಮೇಲೆ ನೀಲಿಯ ‘ಪ್ಲಸ್ ಎಫ್’ ಗುರುತು ಇರುತ್ತದೆ. ಆದರೆ ಅಂಕಿ ನೋಡಿ. ಅಲ್ಲಿ ಕಿಲೋ ಹಿಟ್ಟಿಗೆ 1400 ಮೈಕ್ರೋಗ್ರಾಂ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ 75ರಿಂದ 125. ಹೆಣ್ಣಿಗೆ ದಿನಕ್ಕೆ ಬೇಕೆನ್ನುವುದು 400. ಗೋದಿಹಿಟ್ಟಿನಿಂದಲೇ ಇದನ್ನು ತುಂಬಿಸುವುದಾದರೆ ದಿನಕ್ಕೆ ಮೂರರಿಂದ ಐದು ಕಿಲೋ ಹಿಟ್ಟು ತಿನ್ನಬೇಕು! ಮೇಲಾಗಿ ದೆಹಲಿಯಲ್ಲಿ ನಮ್ಮಲ್ಲನೇಕರು ಗೋದಿ ಕೊಂಡು ಗಲ್ಲಿಯ ಚಕ್ಕಿಯಲ್ಲಿ ಬೀಸಿಸುವವರು. ಅಲ್ಲಿ ಏನನ್ನೂ ಬೆರೆಸುವುದಿಲ್ಲ. ಲೆಕ್ಕದವನಾಗಿ ನನ್ನ ಅಭಿಪ್ರಾಯ, ಈ ಚೀಲವನ್ನು ನಂಬಿ ಕೂರಬಾರದು.

ಸೊಪ್ಪು, ಹೆಸರುಕಾಳು, ಕಡಲೆ ಒಳ್ಳೆಯವು. ಬೇಯಿಸಿದ ನೀರು ಚೆಲ್ಲಿದರೆ ಫೋಲೇಟ್ ಅದರೊಡನೆ ಹೋಗುತ್ತದೆ. ಬಸಿದ ಕಟ್ಟನ್ನೇ ಸಾರು ಮಾಡುವ ನಮ್ಮ ಬಸ್ಸಾರು ಈ ದೃಷ್ಟಿಯಿಂದ ಜಾಣತನದ ಅಡಿಗೆ. ಆದರೆ ಮಾತ್ರೆ ಬೇಕೇ ಬೇಕು, ಅದೂ ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ, ಆಮೇಲೆ ಮೂರು ತಿಂಗಳು. ಅಂಗನವಾಡಿಯಲ್ಲಿ ಹೆಸರು ಬರೆಸಿ ಮಾತ್ರೆ ತರುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತದೆ. ನಮ್ಮವರು ಎಡವುವುದು ಇಲ್ಲಿಯೇ. ಹಿಂದೆ ಇಂಥ ಮಗುವಾದವರಿಗೆ ಹತ್ತುಪಾಲು ದೊಡ್ಡ ಪ್ರಮಾಣ ಬೇಕು, ಅದನ್ನು ವೈದ್ಯರೇ ಬರೆದುಕೊಡಬೇಕು. ಅಪಸ್ಮಾರಕ್ಕೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಮಕ್ಕಳ ಯೋಚನೆ ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಔಷಧವನ್ನು ತಾವಾಗಿ ಬಿಡಬಾರದು. ಮಾತ್ರೆ ತಿಂದರೂ ಎಲ್ಲವೂ ತಪ್ಪುವುದಿಲ್ಲ. ಹಾಗಾದರೆ ಮತ್ತೆ ತಾಯಿಯ ಮೇಲೆ ಹೊರಿಸಬೇಡಿ. ಬದುಕುಳಿದ ಮಕ್ಕಳಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಓದಿ, ಕೆಲಸಕ್ಕೆ ಸೇರುವವರೂ ಉಂಟು.

ಅಕ್ಕನಿಗೆ ಎರಡನೆಯ ಸಲ ಊರಿನ ವೈದ್ಯರೇ ಮೊದಲಿನಿಂದ ಮಾತ್ರೆ ಕೊಟ್ಟಿದ್ದರು. ಆ ಹುಡುಗಿ ಈಗ ಏಳನೆಯ ತರಗತಿ. ಕಳೆದ ಸಲ ಊರಿಗೆ ಹೋದಾಗ ಈ 187ರ ಲೆಕ್ಕವನ್ನು ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಇದನ್ನು ನಿನ್ನ ಮಾವನಿಗೂ ಒಂದು ಸಲ ಓದಿ ಹೇಳು” ಎಂದಳು.