ಗಡಿಯ ಕಾವಲು, ಮನೆಯ ಕಾವಲು
(ಕುಂದಾಣದಲ್ಲಿ ನೀಡಿದ ಆಶೀರ್ವಚನ)



ಸೈನಿಕನನ್ನು ಹೊಗಳುವುದು ಸುಲಭ. ಹಾರ ಹಾಕುತ್ತೇವೆ, ಜಯಘೋಷ ಮಾಡುತ್ತೇವೆ. ಆದರೆ ಅವನ ಮನಸ್ಸಿನಲ್ಲಿ ಏನಿದೆ, ಅವನ ಮಡದಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳುವವರು ಕಡಿಮೆ.

ಒಂದು ದಿನ ಪೂಜೆ ಮುಗಿದ ಮೇಲೆ ಈ ಭಾಗದ ತಾಯಿಯೊಬ್ಬಳು ನಮ್ಮಲ್ಲಿಗೆ ಬಂದಳು. ಗಂಡ ಸೇನೆಯಲ್ಲಿದ್ದಾನೆ. "ಬುದ್ಧೀ, ಎಲ್ಲರೂ ನನ್ನನ್ನು ಪುಣ್ಯವಂತೆ ಅಂತಾರೆ. ನನಗೂ ಹೆಮ್ಮೆ ಇಲ್ಲ ಅಂತಲ್ಲ. ಆದರೆ ರಾತ್ರಿ ಹೊತ್ತು ಫೋನು ಬಂದರೆ ಕೈ ನಡುಗ್ತದೆ. ಯಾರ ಹತ್ತಿರ ಹೇಳಲಿ? ಹೇಳಿದರೆ, ಸಿಪಾಯಿ ಹೆಂಡ್ತಿ ಅಳಬಾರದು ಅಂತಾರೆ" ಎಂದಳು. ದೇವನಹಳ್ಳಿಯ ನಿಲ್ದಾಣಕ್ಕೆ ಇಳಿಯುವ ವಿಮಾನ ಕಂಡಾಗಲೆಲ್ಲ ಮಗು "ಅಪ್ಪ ಬಂದ" ಎನ್ನುತ್ತದಂತೆ.

ಮುಂದೆ ರಜೆಗೆ ಬಂದ ಗಂಡನೂ ದರ್ಶನಕ್ಕೆ ಬಂದ. "ಅಲ್ಲಿದ್ದಾಗ ಮನೆಯ ಚಿಂತೆ. ಇಲ್ಲಿಗೆ ಬಂದು ನಾಲ್ಕು ದಿನವಾದರೆ ಅಲ್ಲಿರುವ ಜೊತೆಗಾರರ ಚಿಂತೆ. ನಾನಿಲ್ಲದೆ ನಡೆಯೋದನ್ನ ಮನೆ ಕಲಿತುಬಿಟ್ಟಿದೆ ಬುದ್ಧೀ, ನಾನೇ ನೆಂಟನ ಹಾಗಾಗಿದ್ದೀನಿ" ಎಂದ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಉಂಟು. ಗಡಿಯ ಠಾಣ್ಯಕ್ಕೆ ಹಾಕಿದಾಗ ಸಂಸಾರವನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಉಳಿದ ತಿಂಗಳುಗಳು ಇಬ್ಬರಿಗೂ ಒಂಟಿತನವೇ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕಿದರು. ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆಗ ನಾಡೆಲ್ಲ ಪ್ರಾರ್ಥನೆ ಮಾಡಿತು. ನಾಡು ಒಂದು ವಾರ ಪಟ್ಟ ಕಳವಳವನ್ನು ಸಿಪಾಯಿಯ ಮಡದಿ ವರ್ಷಗಟ್ಟಲೆ ಪಡುತ್ತಾಳೆ. ಇದನ್ನು ಮರೆಯಬಾರದು.

ಕಾಯಕವೆಂಬುದು ಸಂಬಳ ಪಡೆಯುವವನೊಬ್ಬನದಲ್ಲ. ನಸುಕಿನಲ್ಲಿ ಹಾಲು ಕರೆದು ಡೈರಿಗೆ ಹಾಕುವವಳು, ರಾಗಿಯ ಹೊಲ ನೋಡಿಕೊಳ್ಳುವವಳು, ಮಾವನನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಅವಳೇ. ಗಡಿಯ ಕಾವಲಿಗೆ ಸರದಿ ಉಂಟು, ಈ ಕಾವಲಿಗೆ ಸರದಿಯಿಲ್ಲ. ಮಾರಯ್ಯನವರು ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳಿಸಿದ ಕಥೆ ನೀವು ಬಲ್ಲಿರಿ. ಗಂಡನ ಕಾಯಕದ ವಿಚಾರದಲ್ಲಿ ಮಾತನಾಡುವ ಅಧಿಕಾರ ಶರಣರ ಮನೆಯ ಹೆಂಡತಿಗೆ ಇತ್ತು. ಅಂಥ ಪರಂಪರೆಯವರಾದ ನಾವು ಸಿಪಾಯಿಯ ಹೆಂಡತಿಗೆ ಅಳಬೇಡ, ಮಾತಾಡಬೇಡ ಎನ್ನಬಹುದೇ? ಅಂಜಿಕೆಯನ್ನು ಹೇಳಿಕೊಂಡರೆ ಹೆಮ್ಮೆ ಕಡಿಮೆಯಾಗುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ.

ಆದ್ದರಿಂದ ನಾವು ನಿಮ್ಮಲ್ಲಿ ಕೇಳುವುದು ಇಷ್ಟೆ. ಅವಳ ಕೊಳವೆಬಾವಿಯ ಮೋಟಾರು ಸುಟ್ಟರೆ ರಿಪೇರಿಯವನನ್ನು ಕರೆತನ್ನಿ. ಅವನು ರಜೆಗೆ ಬಂದೊಡನೆ ಜಮೀನಿನ ತಕರಾರಿಗೆ ಎಳೆಯಬೇಡಿ, ಮೊದಲ ದಿನಗಳನ್ನು ಹೆಂಡತಿ ಮಕ್ಕಳಿಗೆ ಬಿಡಿ. ಸಿಪಾಯಿಯಾದವನೂ ಬಂದೊಡನೆ ಯಜಮಾನಿಕೆಗೆ ಕೈಹಾಕದೆ, ಅವಳು ಮನೆ ನಡೆಸಿದ ಬಗೆಯನ್ನು ಕುಳಿತು ಕೇಳಲಿ.

ಗಡಿಯನ್ನು ಅವನು ಕಾಯುತ್ತಾನೆ, ಅವನ ಮನೆಯನ್ನು ಅವಳು ಕಾಯುತ್ತಾಳೆ. ಅವಳನ್ನು ಕಾಯುವ ಕಾಯಕ ಊರಿನದು. ಅದನ್ನು ನೀವು ನಡೆಸಿರಿ ಎಂದು ಹಾರೈಸುತ್ತೇವೆ.